ಒಂದು ಪಕ್ಕದ ಹೊಳಪು

ಅತ್ತೆ ಹಿಂದಿನ ಸೀಟಿನಲ್ಲಿ ಹೋಗಿ ಕೂತದ್ದೇ ಚಾಮರಾಜನಿಗೆ ಸಿಟ್ಟು ತರಿಸಿತು. ಮುಂದಿನ ಸೀಟು ಖಾಲಿ ಇತ್ತು. ಅದರ ಮೇಲಿದ್ದ ಕೊಡೆ, ಸ್ಯಾನಿಟೈಸರ್ ಬಾಟಲಿ, ಮಾಸ್ಕಿನ ಡಬ್ಬ ಎಲ್ಲವನ್ನೂ ಅವನೇ ಬೆಳಿಗ್ಗೆ ಎತ್ತಿಟ್ಟು ಸೀಟು ಒರೆಸಿದ್ದ. ಶಾಂತಮ್ಮ ಅದರ ಕಡೆ ನೋಡದೆ ಹಿಂದಿನ ಬಾಗಿಲು ತೆಗೆದು, ಸೀರೆಯ ಮೇಲೆ ಹಾಕಿಕೊಂಡಿದ್ದ ಮಗಳ ಹಳೆಯ ಜಾಕೆಟ್ಟನ್ನು ಎಳೆದುಕೊಂಡು, ಕೈಚೀಲ ತೊಡೆಯ ಮೇಲಿಟ್ಟು ಕೂತುಬಿಟ್ಟರು. ತಾನೇನು ಟ್ಯಾಕ್ಸಿಯವನೇ? ಕೊರೋನಾ ಕಾಲದಲ್ಲಿ ಅಂತರ ಇರಬೇಕು ಎನ್ನಬಹುದು. ಆದರೆ ಒಂಬತ್ತು ತಿಂಗಳು ಒಂದೇ ಸೂರಿನ ಕೆಳಗೆ ಒಂದೇ ಗಾಳಿ ಕುಡಿದವರಿಗೆ ಕೊನೆಯ ಅರ್ಧ ಗಂಟೆಗೆ ಯಾವ ಅಂತರ? ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ಬಂದವರು, ವಿಮಾನಗಳೆಲ್ಲ ನಿಂತು, ಡಬ್ಲಿನ್ನಿನ ಹೊರವಲಯದ ಆಡಮ್ಸ್‌ಟೌನಿನ ಈ ಮನೆಯಲ್ಲಿ ನವೆಂಬರ್‌ವರೆಗೆ ಸಿಕ್ಕಿಬಿದ್ದಿದ್ದರು. ಈಗ ವಿಶೇಷ ವಿಮಾನವೊಂದರಲ್ಲಿ ಸೀಟು ಸಿಕ್ಕಿತ್ತು. ಮಗಳು ಶರ್ಮಿಳಾ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವಳು, ರಜೆ ಸಿಗಲಿಲ್ಲ. ಏಳು ಗಂಟೆಗೇ ಅಮ್ಮನ ಕಾಲಿಗೆ ಬಿದ್ದು, ಅತ್ತು, ಮೂಗು ಒರೆಸಿಕೊಂಡು ಹೊರಟುಹೋಗಿದ್ದಳು. ಹೋಗುವ ಮುಂಚೆ ಗಂಡನನ್ನು ಅಡುಗೆಮನೆಗೆ ಕರೆದು, “ಏರ್‌ಪೋರ್ಟಲ್ಲಿ ಒಂದ್ ಒಳ್ಳೇ ಮಾತಾಡಿ ಕಳ್ಸಿ. ಆ ಬಂದೂಕಿನ ವಿಷ್ಯಕ್ಕೆ ಮೂರು ವಾರದಿಂದ ಕೊರಗ್ತಾ ಇದಾರೆ. ಕ್ಷಮಿಸಿದೀನಿ ಅಂತ ನಿಮ್ಮ ಬಾಯಿಂದ ಬಂದ್ರೆ ನೆಮ್ಮದಿಯಿಂದ ಹೋಗ್ತಾರೆ,” ಎಂದಿದ್ದಳು. ಅವನು ಹೂಂ ಎಂದಿದ್ದ.

“ಬೆಲ್ಟ್ ಹಾಕ್ಕೊಳಿ ಅತ್ತೆ.”

“ಹಾಕ್ಕೊಂಡಿದೀನಿ,” ಎಂದರು ಶಾಂತಮ್ಮ. ಕನ್ನಡಿಯಲ್ಲಿ ಮಾಸ್ಕಿನ ಮೇಲೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಬರೀ ಕಣ್ಣಿನಿಂದ ಮನುಷ್ಯರ ಮನಸ್ಸು ತಿಳಿಯುತ್ತದೆ ಎಂದು ಯಾರು ಹೇಳಿದರೋ, ಎಂಟು ತಿಂಗಳಿಂದ ಬರೀ ಕಣ್ಣುಗಳನ್ನೇ ನೋಡಿದ ಚಾಮರಾಜನಿಗೆ ಏನೂ ತಿಳಿದಿರಲಿಲ್ಲ. ಲೂಕನ್ ದಾಟುವ ಮೊದಲೇ ಹೆದ್ದಾರಿಯಲ್ಲಿ ಪೊಲೀಸರ ತಡೆ. ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗಬೇಕಾದರೆ ಕಾರಣ ಹೇಳಬೇಕು. ಇಲ್ಲಿಯವರು ಗಾರ್ಡ ಎನ್ನುವ ಪೊಲೀಸಿನವನೊಬ್ಬ, ತೀರ ಎಳೆಯ ವಯಸ್ಸಿನವನು, ಬಾಗಿ ಕೇಳಿದ; ಚಾಮರಾಜ ಹೇಳಿದ; ಅವನಿಗೆ ಅರ್ಥವಾಗಲಿಲ್ಲ. ಹದಿನಾಲ್ಕು ವರ್ಷ ಈ ದೇಶದಲ್ಲಿ ತೆರಿಗೆ ಕಟ್ಟಿದ ಮೇಲೂ ಒಂದು ವಾಕ್ಯವನ್ನು ಎರಡು ಸಲ ಹೇಳಬೇಕು, ಎರಡನೆಯ ಸಲ ನಿಧಾನವಾಗಿ, ತಪ್ಪು ಮಾಡಿದವನಂತೆ. ಆ ಗಾರ್ಡ ಹಿಂದೆ ನೋಡಿ, ಅಜ್ಜಿಯ ಹಣೆಯ ಕುಂಕುಮ ನೋಡಿ, “ಆಹ್, ಗ್ರ್ಯಾಂಡ್. ಸೇಫ್ ಹೋಮ್, ಮ್ಯಾಮ್,” ಎಂದ. ಶಾಂತಮ್ಮ ಕೈ ಮುಗಿದರು. ತನ್ನ ಕಾಗದಪತ್ರಕ್ಕಿಂತ ಅವರ ಕುಂಕುಮಕ್ಕೆ ಬೆಲೆ. ಚಾಮರಾಜ ಬೇಕೆಂದೇ ಗೇರನ್ನು ಒರಟಾಗಿ ಹಾಕಿದ.

ಕ್ಷಮಿಸಬೇಕಂತೆ. ಹೇಗೆ ಕ್ಷಮಿಸುವುದು? ಅವನ ಬಳಿ ಮೂರು ಕಾರ್ಬೈನ್‌ಗಳಿದ್ದವು. ಕಾರ್ಬೈನ್ ಎಂದರೆ ಕುದುರೆಯ ಮೇಲೆ ಕೂತ ಸಿಪಾಯಿಗೆಂದು ಮಾಡಿದ ಗಿಡ್ಡ ಬಂದೂಕು. ಅವನು ಸೇರಿಸುತ್ತಿದ್ದದ್ದು ಹತ್ತೊಂಬತ್ತನೆಯ ಶತಮಾನದ್ದು ಮಾತ್ರ, ಅದರಲ್ಲೂ ಒಮ್ಮೆ ತುಂಬಿದರೆ ಒಂದರ ಹಿಂದೊಂದು ಗುಂಡು ಹಾರಿಸುವಂಥದ್ದು ಮಾತ್ರ. ಸ್ವಿಟ್ಜರ್ಲೆಂಡಿನ ಅಶ್ವದಳದ್ದೊಂದು, ಆಸ್ಟ್ರಿಯಾದ ಪೊಲೀಸ್ ಪಡೆಯದ್ದೊಂದು, ಮೂರನೆಯದು ಎಲ್ಲರೂ ಆಸೆಪಡುವ ಅಮೆರಿಕದ ಹಿತ್ತಾಳೆ ಒಡಲಿನ ಕಾರ್ಬೈನ್, ಸಾವಿರದ ಎಂಟುನೂರ ಅರವತ್ತಾರರ ಮಾದರಿ. ಕುದುರೆಯಾಗಲಿ ಯುದ್ಧವಾಗಲಿ ಅವನಿಗೆ ಬೇಕಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಎನ್‌ಸಿಸಿಯಲ್ಲಿದ್ದು, ಮೂರೂ ವರ್ಷ ಅವನ ಕೈಗೆ ಸಿಕ್ಕಿದ್ದು ಮರದ ಡಮ್ಮಿ ಬಂದೂಕು. ನಿಜವಾದ ರೈಫಲ್ ಹಂಚುವ ದಿನ ಸುಬೇದಾರ್ ಸಾಹೇಬರು ಸಾಲಿನುದ್ದಕ್ಕೂ ನಡೆದು, ಇವನ ಮುಂದೆ ನಿಂತು, ತೋಳು ಹಿಡಿದು ನೋಡಿ, “ನೀನು ಚಹಾ ತಗೊಂಡ್ ಬಾ,” ಎಂದಿದ್ದರು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಗ್ರ್ಯಾಂಡ್ ಕೆನಾಲ್ ಡಾಕಿನ ಗಾಜಿನ ಕಚೇರಿಯಲ್ಲಿ, ಮೀಟಿಂಗಿನ ನಡುವೆ, ಆ ಚಹಾದ ಕೆಟಲಿನ ಬಿಸಿ ಅವನ ಬೆರಳಿಗೆ ಇನ್ನೂ ತಾಗುತ್ತಿತ್ತು. ಕಚೇರಿಯಲ್ಲಿ ಅವನ ಹೆಸರು ರಾಜ್. ಚಾಮ ಎನ್ನುವುದು ಅವರ ನಾಲಿಗೆಗೆ ಕಷ್ಟವಂತೆ. ಕಾರ್ಬೈನ್ ಕೈಗೆತ್ತಿಕೊಂಡಾಗ ಮಾತ್ರ ಅವನಿಗೆ ಪೂರ್ತಿ ಹೆಸರಿರುತ್ತಿತ್ತು. ಹಿತ್ತಾಳೆಯ ಮೇಲೆ ನೂರೈವತ್ತು ವರ್ಷ ಸಿಪಾಯಿಗಳ ಬೆವರು ಕೂತು ಆದ ಕಂದು ಬಣ್ಣ, ಬೆಲ್ಲದ ಪಾಕ ಕದಡಿದಂಥ ಬಣ್ಣ. ಅದನ್ನು ಒರೆಸುವುದಿಲ್ಲ, ತೊಳೆಯುವುದಿಲ್ಲ, ಬರಿಗೈಯಲ್ಲಿ ಮುಟ್ಟುವುದೂ ಇಲ್ಲ. ಸಂಗ್ರಹಕಾರನಿಗೆ ಲೋಹಕ್ಕಿಂತ ಆ ಬಣ್ಣವೇ ಹೆಚ್ಚು. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಅವನು ಅದನ್ನು ಎತ್ತುವುದನ್ನು ನೋಡಿ ಶರ್ಮಿಳಾ, “ನನ್ನನ್ನ ಒಂದಿನ ಹೀಗೆ ಹಿಡ್ಕೊಂಡಿದ್ರಾ?” ಎಂದು ಛೇಡಿಸುತ್ತಿದ್ದಳು.

ಅಂಥದ್ದನ್ನು ಈ ಮಹಾತಾಯಿ ಹುಣಸೆಹಣ್ಣು ಹಾಕಿ ಉಜ್ಜಿದರು. ಆಯುಧಪೂಜೆಯ ದಿನ, ಅಕ್ಟೋಬರಿನ ಭಾನುವಾರ. ಹಿಂದಿನ ದಿನವೇ ಸೂಚನೆ ಸಿಕ್ಕಿತ್ತು, ಅವನು ಗಮನಿಸಬೇಕಿತ್ತು. ಲ್ಯಾಪ್‌ಟಾಪು, ಮಿಕ್ಸಿ, ಕಾರು, ಶರ್ಮಿಳಾಳ ಹೊಲಿಗೆ ಯಂತ್ರ ಎಲ್ಲವನ್ನೂ ಪಟ್ಟಿ ಮಾಡುತ್ತಿದ್ದ ಶಾಂತಮ್ಮ, “ನಿಜವಾದ ಆಯುಧನೇ ಇರೋ ಮನೇಲಿ ಅದನ್ನ ಬಿಟ್ಟು ಮಿಕ್ಸಿಗೆ ಕುಂಕುಮ ಇಡೋದಾ?” ಎಂದಿದ್ದರು. ಅವನು ಹೆಮ್ಮೆಯಿಂದ ನಕ್ಕಿದ್ದ, ಅಷ್ಟೆ. ಭಾನುವಾರ ಬೆಳಿಗ್ಗೆ ಹೂವು ತರಲು ಲೂಕನ್ನಿನ ಸೂಪರ್‌ಮಾರ್ಕೆಟ್ಟಿಗೆ ಹೋದ. ಹೊರಗೆ ಎರಡು ಮೀಟರಿಗೊಬ್ಬರಂತೆ ಸಾಲು, ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸೇವಂತಿಗೆ. ಹಿಂದಿರುಗಿದಾಗ ಹಿತ್ತಲ ಬಾಗಿಲು ತೆರೆದಿತ್ತು. ಪುಟ್ಟ ಕಲ್ಲುಹಾಸಿನ ಮೇಲೆ ಪ್ಲಾಸ್ಟಿಕ್ ಕ್ರೇಟು ಬೋರಲು ಹಾಕಿ ಶಾಂತಮ್ಮ ಕೂತಿದ್ದರು. ತೊಡೆಯ ಮೇಲೆ ಕಾರ್ಬೈನ್ ಅಡ್ಡ ಮಲಗಿತ್ತು. ಪಕ್ಕದಲ್ಲಿ ಬಟ್ಟಲಿನ ತುಂಬ ಹುಣಸೆಹುಳಿ, ಉಪ್ಪು, ನೆನೆಸಿದ ಬಟ್ಟೆ. ಉಜ್ಜುವುದನ್ನು ನಿಲ್ಲಿಸಿ, ಕೈ ಮಡಿಲಲ್ಲಿಟ್ಟು, ಬಂದೂಕನ್ನೇ ನೋಡುತ್ತಿದ್ದರು. ಮೇಲ್ಗಡೆಯ ಪಕ್ಕ ಆಗತಾನೆ ಮದುವೆಮನೆಗೆ ತಂದ ಕೊಡದ ಹಾಗೆ ಝಗಝಗ ಹೊಳೆಯುತ್ತಿತ್ತು. ಅವನ ಕೈಯಿಂದ ಸೇವಂತಿಗೆ ಕೆಳಗೆ ಬಿತ್ತು. ಆಮೇಲೆ ಅವನು ಆಡಿದ ಮಾತುಗಳಲ್ಲಿ ಹೆಚ್ಚಿನವು ಅವನಿಗೇ ನೆನಪಿಲ್ಲ. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ನೆರೆಯವಳು ಕ್ಲಿಪ್ಪು ಕೈಯಲ್ಲೇ ಹಿಡಿದು ನಿಂತುಬಿಟ್ಟದ್ದು ನೆನಪಿದೆ. ಒಂದು ಮಾತು ಮಾತ್ರ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದನ್ನು ಹೇಳಿದ ಮೇಲೆ ಇನ್ನೇನೂ ಹೇಳುವುದು ಉಳಿಯಲಿಲ್ಲ.

“ನಿಮ್ಮ ಛತ್ರದ ಪಾತ್ರೆ ಅಂದ್ಕೊಂಡ್ರಾ ಇದನ್ನ?”

ಶಾಂತಮ್ಮ ಮೈಸೂರಿನ ಒಂದು ಮದುವೆ ಛತ್ರದ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಪಾತ್ರೆಗಳ ಉಸ್ತುವಾರಿ ನೋಡಿದವರು. ಗಂಡ ಹೋದ ಮೇಲೂ ಕುಂಕುಮ ಬಿಡದೆ, ಆ ಕೆಲಸದಲ್ಲೇ ಮಗಳನ್ನು ಓದಿಸಿದವರು. ಚಾಮರಾಜ ಡಬ್ಲಿನ್ನಿನ ಸಹೋದ್ಯೋಗಿಗಳಿಗೆ ಅತ್ತೆ ‘ಹಾಸ್ಪಿಟಾಲಿಟಿ’ಯಲ್ಲಿದ್ದರು ಎಂದು ಹೇಳಿದ್ದ, ಕೇಳಿದವರು ಯಾವುದೋ ಹೋಟೆಲಿನ ಮ್ಯಾನೇಜರ್ ಎಂದುಕೊಂಡಿದ್ದರು, ಇವನು ತಿದ್ದಿರಲಿಲ್ಲ. ಮೊದಲ ಲಾಕ್‌ಡೌನಿನ ಬೇಸಿಗೆಯಲ್ಲಿ ಶಾಂತಮ್ಮ ಪಾತ್ರೆ ತೊಳೆಯುತ್ತ ಕತೆ ಹೇಳುತ್ತಿದ್ದರು. ಕೆಲವು ಅಡಿಗೆಯವರು ಛತ್ರದ ಹಳೆಯ ದಪ್ಪ ಹಿತ್ತಾಳೆಯ ಕೊಳದಪ್ಪಲೆಯನ್ನು ತಮ್ಮ ಗಾಡಿಗೆ ಹಾಕಿಕೊಂಡು, ಹೊಸ ತೆಳು ಪಾತ್ರೆಗೆ ಹೊಗೆ ಹಿಡಿಸಿ ಕಪ್ಪು ಮಾಡಿ ಇಟ್ಟು ಹೋಗುತ್ತಿದ್ದರಂತೆ. ಇವರು ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಬೆರಳಿಗೆ ಹುಣಸೆಹುಳಿ ಹಚ್ಚಿ ಪಾತ್ರೆ ಉಜ್ಜಿ ನೋಡಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿಸುತ್ತಿದ್ದರಂತೆ. ಚಾಮರಾಜ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಲೆ ಆಡಿಸಿದ್ದ. ಮನೆಯ ಗಂಡಸಿನ ಎದುರು ಉಗ್ರಾಣದ ಕತೆ ಹೇಳುವುದಕ್ಕೂ ಒಂದು ಮಿತಿ ಬೇಡವೇ ಎಂದು ಆಗ ಅನ್ನಿಸಿತ್ತು. ಆ ಭಾನುವಾರ ಶಾಂತಮ್ಮ ಕ್ರೇಟಿನಿಂದ ಎದ್ದು, ಕಾರ್ಬೈನನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟರು. “ತಪ್ಪಾಯ್ತು,” ಎಂದರು. ಬಿದ್ದ ಸೇವಂತಿಗೆಯನ್ನು ಆಯ್ದುಕೊಂಡು ಒಳಗೆ ಹೋದರು. ಪೂಜೆ ನಡೆಯಿತು, ಮಿಕ್ಸಿಗೆ ಕುಂಕುಮ ಬಿತ್ತು.

ಕಾರು ದೊಡ್ಡ ವರ್ತುಲ ರಸ್ತೆಗೆ ತಿರುಗಿತು. ರಸ್ತೆ ಬರಿದಾಗಿತ್ತು, ಇಷ್ಟು ಬರಿದಾದ ರಸ್ತೆಯಲ್ಲಿ ಸಿಟ್ಟು ಮಾಡಿಕೊಳ್ಳಲು ಒಬ್ಬ ಲಾರಿಯವನೂ ಸಿಗುವುದಿಲ್ಲ. ಅವನಿಗೆ ಅಂದಿನ ಮಧ್ಯಾಹ್ನ ನೆನಪಾಯಿತು, ಬೇಡವೆಂದರೂ. ಊಟ ಬಿಟ್ಟು ಮಾಳಿಗೆಯ ಪುಟ್ಟ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಹಾಳಾದದ್ದು ಎಷ್ಟು ಎಂದು ನೋಡಲು ಭೂತಗನ್ನಡಿ ಹಿಡಿದಿದ್ದ. ಹೊಳೆಯುವ ಪಕ್ಕದಲ್ಲಿ, ಗುಂಡು ಮೇಲೆತ್ತುವ ಸನ್ನೆಕೋಲಿನ ಹಿಂದೆ, ಕಂದು ಮೇಣ ತುಂಬಿದ್ದ ಒಂದು ಸಣ್ಣ ತಗ್ಗು. ಹುಳಿಗೆ ಮೇಣ ಅರ್ಧ ಎದ್ದಿತ್ತು. ಹಲ್ಲುಕಡ್ಡಿಯಿಂದ ಕೆರೆದ. ಒಂದು ಚೌಕ, ಅದರೊಳಗೆ ಎರಡು ಅಕ್ಷರ. ಆ ಚೌಕ ಅವನಿಗೆ ಗೊತ್ತು. ಹಳೆಯ ಬಂದೂಕಿನ ಹುಚ್ಚಿರುವ ಯಾರಿಗೂ ಗೊತ್ತು. ಇಟಲಿಯಲ್ಲಿ ಇಂಥ ನಕಲುಗಳನ್ನು ಮಾಡುವವರು ಸರಕಾರಿ ಪರೀಕ್ಷೆಗೆ ಕೊಟ್ಟಾಗ ಒತ್ತುವ ವರ್ಷದ ಗುರುತು. ಸಾವಿರದ ಒಂಬೈನೂರ ಎಪ್ಪತ್ತಾರು. ಚಾಮರಾಜ ಹುಟ್ಟಿದ್ದು ಎಪ್ಪತ್ತನಾಲ್ಕರಲ್ಲಿ. ಆ ಪ್ರಾಚೀನ ಕಾರ್ಬೈನ್ ಅವನಿಗಿಂತ ಎರಡು ವರ್ಷ ಕಿರಿಯದು. ಸಿಪಾಯಿಗಳ ಬೆವರೂ ಇಲ್ಲ, ನೂರೈವತ್ತು ವರ್ಷವೂ ಇಲ್ಲ, ಯಾರೋ ಒಬ್ಬ ತನ್ನ ಗ್ಯಾರೇಜಿನಲ್ಲಿ ಕೂತು ರಾಸಾಯನಿಕ ಬಳಿದು ಮಾಡಿದ ಬೆಲ್ಲದ ಪಾಕ. ಮಾರಿದವನು ಗುಂಡು ಸಿಡಿಸುವ ಮೊಳೆ ಕಿತ್ತಿದೆ, ಅಲಂಕಾರಕ್ಕೆ ಮಾತ್ರ ಎಂದಾಗಲೇ ಅನುಮಾನ ಬರಬೇಕಿತ್ತು. ಬಂದಿರಲಿಲ್ಲ. ಆರು ವರ್ಷ ಕೈಗವಸು ಹಾಕಿಕೊಂಡು ಮತ್ತೊಂದು ಡಮ್ಮಿ ಹೊತ್ತಿದ್ದ. ಮೆಟ್ಟಿಲು ಹನ್ನೆರಡು. ಇಳಿದು ಅಡುಗೆಮನೆಗೆ ಹೋಗಿ, ಅತ್ತೆ, ಇದು ನಕಲಿ, ನೀವು ಏನೂ ಹಾಳು ಮಾಡಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ ಕೆಳಗಿನಿಂದ ಶರ್ಮಿಳಾಳ ದನಿ ಕೇಳಿಸಿತು: “ನಿಂಗ್ಯಾಕಮ್ಮ ಬೇಡದ ಉಸಾಬರಿ? ಅವ್ರ ಜೀವ ಅದು.” ತನ್ನ ಪರವಾಗಿ ಯಾರೋ ಸಿಟ್ಟಾಗುವುದು ಎಷ್ಟು ಹಿತವೆಂದು ಅವನಿಗೆ ಅಂದು ತಿಳಿಯಿತು. ಅವನು ಇಳಿಯಲಿಲ್ಲ.

ಅಂದಿನಿಂದ ಶಾಂತಮ್ಮ ಮನೆಯಲ್ಲಿ ಏನು ಮುಟ್ಟುವ ಮೊದಲೂ ಕೇಳತೊಡಗಿದರು. ಸ್ಟೀಲ್ ಲೋಟ ಹಿಡಿದು, “ಇದನ್ನ ತೊಳೀಬಹುದಾ?” ದೇವರ ಮನೆಯ ದೀಪ ಹಿಡಿದು, “ಇದನ್ನ ಉಜ್ಜಬಹುದಾ?” ಅವನ ಕಾಫಿ ಲೋಟವನ್ನು ಮೇಜಿನ ಮೇಲಿಡುವ ಮೊದಲೂ ಒಂದು ಕ್ಷಣ ತಡೆದು, ಇಡಬಹುದೇ ಎಂಬಂತೆ ನೋಡುತ್ತಿದ್ದರು. ಇದು ಪಶ್ಚಾತ್ತಾಪವೋ ಚುಚ್ಚುಮಾತೋ? ಅವನಿಗೆ ಮೈ ಉರಿಯುತ್ತಿತ್ತು. ತಪ್ಪು ಮಾಡಿದವರು ಇಷ್ಟು ಶಾಂತವಾಗಿ, ಇಷ್ಟು ಅಚ್ಚುಕಟ್ಟಾಗಿ ಇರುವುದು ಅನ್ಯಾಯ. ಅವರು ಅತ್ತಿದ್ದರೆ, ಎದುರುತ್ತರ ಕೊಟ್ಟಿದ್ದರೆ, ಊಟ ಬಿಟ್ಟಿದ್ದರೆ, ಸತ್ಯ ತಾನಾಗಿಯೇ ಬಾಯಿಗೆ ಬರುತ್ತಿತ್ತೇನೋ. ಅವರು ಹಾಗೆ ಮಾಡಲಿಲ್ಲವಾದ್ದರಿಂದ ತಪ್ಪು ಅವರದೇ ಎಂದು ಅವನು ವಾದಿಸಿಕೊಂಡ, ಮತ್ತು ವಾದದಲ್ಲಿ ಗೆದ್ದ.

ಆಮೇಲೆ ಸಂಗ್ರಹಕಾರರ ಸಂಘದ ಜೂಮ್ ಸಭೆ. ಹಬ್ಬದ ಮುಂದಿನ ಶನಿವಾರ ಮಧ್ಯಾಹ್ನ ಬಂದೂಕು ತೋರಿಸುವ ಸರದಿ ಅವನದು ಎಂದು ಬೇಸಿಗೆಯಲ್ಲೇ ಗೊತ್ತಾಗಿತ್ತು. ಕಾರ್ಯದರ್ಶಿ ಟಿಯರ್ನಿ ಎಂಬ ನಿವೃತ್ತ ಪಶುವೈದ್ಯ. ಎರಡು ವರ್ಷದ ಹಿಂದೆ ಮೊದಲ ಸಲ ಭೇಟಿಯಾದಾಗ, ನಿಮ್ಮ ಕಡೆಯವರಿಗೂ ಇದರಲ್ಲಿ ಆಸಕ್ತಿ ಇರುತ್ತದೆಯೇ ಎಂದು ನಗುತ್ತ ಕೇಳಿದ್ದ. ಆ ನಗುವಿಗೆ ಉತ್ತರ ಕೊಡಲೆಂದೇ ಚಾಮರಾಜ ಹಿತ್ತಾಳೆಯದನ್ನು ಕಾದಿಟ್ಟಿದ್ದ. ಸರದಿ ಬಿಟ್ಟುಕೊಡಬಹುದಿತ್ತು, ಜ್ವರ ಎನ್ನಬಹುದಿತ್ತು. ಆ ವರ್ಷ ಜ್ವರ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೂ ಅವನು ಕೈಗವಸು ಹಾಕಿಕೊಂಡು, ಕಂದು ಬಣ್ಣ ಉಳಿದಿದ್ದ ಪಕ್ಕವನ್ನು ಕ್ಯಾಮೆರಾಕ್ಕೆ ಹಿಡಿದ. ಹನ್ನೊಂದು ಚೌಕಗಳಲ್ಲಿ ಹನ್ನೊಂದು ಬಿಳಿ ತಲೆಗಳು ಮುಂದೆ ಬಾಗಿದವು. ನಿಯತ್ತಿನ ಬಣ್ಣ, ಎಂದ ಟಿಯರ್ನಿ. ಇನ್ನೊಂದು ಪಕ್ಕ ತಿರುಗಿಸು ರಾಜ್, ಎಂದ. ಚಾಮರಾಜನ ಕೈ ತಿರುಗಲಿಲ್ಲ, ನಾಲಿಗೆ ತಿರುಗಿತು. ಇಂಗ್ಲಿಷಿನಲ್ಲಿ, ಅವರ ಹಾಗೆಯೇ ಭುಜ ಕುಣಿಸುತ್ತ, ಕತೆ ಹೇಳಿದ: ಇಂಡಿಯಾದಿಂದ ಬಂದ ನನ್ನ ಮದರ್-ಇನ್-ಲಾ, ಆಯುಧಗಳ ಹಬ್ಬ, ಹುಣಸೆಹಣ್ಣು, ಪಾತ್ರೆ ತಿಕ್ಕಿದ ಹಾಗೆ ತಿಕ್ಕಿಬಿಟ್ಟಳು, ತೋರಿಸಲು ನನಗೇ ಮನಸ್ಸಿಲ್ಲ. ‘ತಿಕ್ಕಿಬಿಟ್ಟಳು’ ಎಂದು ಅವನು ಹೇಳಲಿಲ್ಲ, ಇಂಗ್ಲಿಷಿನಲ್ಲಿ ಆ ಏಕವಚನ ಇಲ್ಲ; ಆದರೆ ಮನಸ್ಸಿನಲ್ಲಿ ಹಾಗೆಯೇ ಹೇಳಿದ. ಹನ್ನೊಂದು ತಲೆಗಳೂ ನಕ್ಕವು. ಒಬ್ಬ ಕಣ್ಣೀರು ಒರೆಸಿಕೊಂಡ. ಗಾಡ್ ಲವ್ ಹರ್, ಎಂದ ಟಿಯರ್ನಿ, ನೀನು ದೊಡ್ಡ ಮನುಷ್ಯ ರಾಜ್, ನಾನಾಗಿದ್ದರೆ ಮನೆಯಿಂದ ಓಡಿಸುತ್ತಿದ್ದೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವರು ಅವನ ಜೊತೆ ನಕ್ಕಿದ್ದರು. ಅವನು ತಿರುಗಿದಾಗ ಶಾಂತಮ್ಮ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದರು. ಅವರಿಗೆ ಇಂಗ್ಲಿಷ್ ಹೆಚ್ಚು ಬರುವುದಿಲ್ಲ. ಮದರ್-ಇನ್-ಲಾ ಬರುತ್ತದೆ, ಇಂಡಿಯಾ ಬರುತ್ತದೆ, ನಗು ಬರುತ್ತದೆ. ಅಂದು ಮಾತ್ರ ಅವರು ಇಡಬಹುದೇ ಎಂದು ನೋಡಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು ಹೋದರು.

ವಿಮಾನ ನಿಲ್ದಾಣದ ಮುಂದೆ ಇಳಿಸಿ ಹೋಗುವ ಜಾಗದಲ್ಲಿ ನಾಲ್ಕೇ ಕಾರುಗಳಿದ್ದವು. ಪ್ರಯಾಣಿಕರನ್ನು ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿಲ್ಲ ಎಂದು ಬೋರ್ಡು. ಹಳದಿ ಜಾಕೆಟ್ಟಿನ ಸಿಬ್ಬಂದಿಯೊಬ್ಬ ಬೇಗ, ಬೇಗ ಎಂದು ಕೈ ಬೀಸುತ್ತಿದ್ದ. ಚಾಮರಾಜ ಟ್ರಾಲಿ ತಂದ, ಎರಡು ಸೂಟ್‌ಕೇಸ್ ಎತ್ತಿ ಹಾಕಿದ, ಟಿಕೇಟು, ಪಾಸ್‌ಪೋರ್ಟು, ಪರೀಕ್ಷೆಯ ಕಾಗದ ಮೂರನ್ನೂ ಇನ್ನೊಮ್ಮೆ ನೋಡಿ ಅವರ ಕೈಗೆ ಕೊಟ್ಟ. ಬೆಂಗಳೂರಿನಲ್ಲಿ ಇಳಿದರೆ ಏಳು ದಿನ ಹೋಟೆಲಿನಲ್ಲಿ ಒಬ್ಬರೇ ಇರಬೇಕು, ಹೆದರಬೇಡಿ ಎಂದ. ಶಾಂತಮ್ಮ ಆಗಲಿ ಎಂದರು. ಈಗ ಹೇಳಬೇಕು. ಏನು ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು. ಹನ್ನೆರಡು ಮೆಟ್ಟಿಲು ಇಳಿದು ಹೇಳಬೇಕಾಗಿದ್ದ ಅದೇ ಮಾತು, ಬರೀ ಎರಡು ಸಾಲು. ಅದು ನಾಲಿಗೆಯ ತುದಿಗೆ ಬಂತು. ಹಳದಿ ಜಾಕೆಟ್ಟಿನವನು ಮತ್ತೆ ಕೈ ಬೀಸಿದ. ಅವನ ಆ ಅವಸರ, ಗಾರ್ಡನ ಆ ಗ್ರ್ಯಾಂಡ್, ಟಿಯರ್ನಿಯ ಆ ನಗು, ಸುಬೇದಾರನ ಆ ಚಹಾ, ಎಲ್ಲವೂ ಒಟ್ಟಿಗೆ ಎದೆಗೆ ಬಂದು, ಇವರೆಲ್ಲರ ಮುಂದೆ ತಾನು, ಈ ಮುದುಕಿಯ ಮುಂದೆಯೂ ತಾನೇ ಸಣ್ಣವನಾಗಬೇಕೇ ಎಂದು ರೋಷ ಉಕ್ಕಿತು. ಒಬ್ಬರ ಮುಂದಾದರೂ ತಾನು ದೊಡ್ಡವನಾಗಿ ಉಳಿಯಬಾರದೇ?

“ಆದದ್ದು ಆಯ್ತು ಅತ್ತೆ,” ಎಂದ. “ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಕ್ಷಮಿಸಿದೀನಿ. ನೀವೂ ಮರೆತ್ಬಿಡಿ.”

ದನಿ ಚೆನ್ನಾಗಿಯೇ ಬಂತು. ಸ್ವಲ್ಪ ನಡುಗಿತು ಕೂಡ. ಶಾಂತಮ್ಮ ಟ್ರಾಲಿಯ ಹಿಡಿಯ ಮೇಲೆ ಕೈಯಿಟ್ಟು ಅವನನ್ನು ನೋಡಿದರು. ಆಮೇಲೆ ಮಾಸ್ಕನ್ನು ಗದ್ದಕ್ಕೆ ಇಳಿಸಿದರು. ಹೊರಗೆ ಅವರು ಹಾಗೆ ಮಾಡಿದ್ದನ್ನು ಅವನು ನೋಡಿರಲಿಲ್ಲ.

“ಇನ್ನೊಂದು ಪಕ್ಕ ಉಜ್ಜೋಕೆ ಹೋಗ್ಬೇಡಿ,” ಎಂದರು. “ಅದು ಬಳಿದಿರೋ ಬಣ್ಣ. ಮೊದಲ್ನೇ ಕೈಗೇ ಬಂದ್ಬಿಡ್ತು. ಹಳೇ ಹಿತ್ತಾಳೆ ಅಷ್ಟು ಸುಲಭಕ್ಕೆ ಬಿಡಲ್ಲ, ಮೂಲೇಲಿ ಉಳ್ಕೊಳತ್ತೆ. ನಂಗೆ ಅವತ್ತೇ ಗೊತ್ತಾಯ್ತು, ಅದಕ್ಕೇ ಅರ್ಧಕ್ಕೆ ನಿಲ್ಸಿದೆ. ನೀವು ಬಂದ್ರಿ ಅಂತ ನಿಲ್ಸಿದ್ದಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?” ಎಂದ ಚಾಮರಾಜ. ಕೇಳಿದ ಮೇಲೆ ಆ ಪ್ರಶ್ನೆಯಲ್ಲೂ ದೂರೇ ಇರುವುದು ಅವನಿಗೆ ಕೇಳಿಸಿತು.

“ಬೇಲಿ ಆಚೆ ಆಯಮ್ಮ ನೋಡ್ತಾ ನಿಂತಿದ್ರು. ಅವ್ರ ಮುಂದೆ ಹೇಳೋದಾ? ನೋಡಿದ್ರೆ ನಿಮಗೂ ಗೊತ್ತಾಗತ್ತೆ, ಮಾರನೇ ದಿನ ನೀವೇ ಹೇಳ್ತೀರ ಅಂದ್ಕೊಂಡೆ. ಶರ್ಮಿಳಂಗೂ ಹೇಳಿಲ್ಲ, ಹೇಳೋದೂ ಇಲ್ಲ. ಇವತ್ತಿನವರೆಗೂ ಕಾದೆ.” ಮಾಸ್ಕನ್ನು ಮತ್ತೆ ಮೇಲಕ್ಕೆಳೆದು ಟ್ರಾಲಿ ತಳ್ಳಿದರು. ಎರಡು ಹೆಜ್ಜೆ ಹೋಗಿ ನಿಂತರು, ತಿರುಗಲಿಲ್ಲ. “ಅವತ್ತು ಛತ್ರದ ಪಾತ್ರೆ ಅಂದ್ಕೊಂಡ್ರಾ ಅಂತ ಕೇಳಿದ್ರಲ್ಲ. ಅಂದ್ಕೊಂಡಿರ್ಲಿಲ್ಲ. ನಮ್ಮ ಛತ್ರದ ಪಾತ್ರೆಗಳು ಹಳೇವು.”

ಗಾಜಿನ ಬಾಗಿಲು ತೆರೆದು ಮುಚ್ಚಿತು. ಒಳಗೆ ಒಬ್ಬಳು ಬಾಗಿ ಅವರ ಕಾಗದ ನೋಡುತ್ತಿದ್ದಳು, ಅವರು ಯಾವುದೋ ಪ್ರಶ್ನೆಗೆ ತಲೆಯಾಡಿಸುತ್ತಿದ್ದರು. ಮೂರು ವಾರ ಅವರೇ ಕಾಫಿ ಮಾಡಿಕೊಟ್ಟಿದ್ದರು, ಎಲ್ಲ ತಿಳಿದು. ತನಗೆ ಸಿಟ್ಟು ಬರಲಿ ಎಂದು ಅವನು ಕಾದ. ಗಾರ್ಡನ ಮೇಲೆ, ಮಾರಿದವನ ಮೇಲೆ, ಅವರ ಮೇಲೆ, ಯಾರ ಮೇಲಾದರೂ. ಬರಲಿಲ್ಲ. ಹಳದಿ ಜಾಕೆಟ್ಟಿನವನು ಹತ್ತಿರ ಬಂದು, ಇಲ್ಲಿ ನಿಲ್ಲುವ ಹಾಗಿಲ್ಲ ಎಂದ. ಚಾಮರಾಜ ಒಳಗೆ ಹೋಗಬೇಕು ಎಂದ. ಟಿಕೇಟು ಇದೆಯೇ ಎಂದು ಅವನು ಕೇಳಿದ. ಇಲ್ಲ, ಒಂದು ಮಾತು ಹೇಳಿ ಬರುತ್ತೇನೆ, ಒಂದೇ ಮಾತು, ಎಂದ ಚಾಮರಾಜ. ಅವನಿಗೆ ಅರ್ಥವಾಗಲಿಲ್ಲ. ಚಾಮರಾಜ ಅದನ್ನೇ ಎರಡನೆಯ ಸಲ, ನಿಧಾನವಾಗಿ, ತಪ್ಪು ಮಾಡಿದವನಂತೆ ಹೇಳಿದ.